ಎಜೀದಿಯೊ ಸತ್ತ ದಿನದ ಊಟ

ತಾನು ಸತ್ತ ಸುದ್ದಿ ಎಜೀದಿಯೊ ಲರೋಕ್ಕನಿಗೆ ತಿಳಿದದ್ದು ಊರಿಗೆಲ್ಲ ತಿಳಿದು ಮೂರು ಗಂಟೆಯಾದ ಮೇಲೆ.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನವೆಂಬರಿನ ಮೊದಲ ವಾರ. ಬೆಳಕು ಹರಿಯುವ ಮುಂಚೆಯೇ ಚೀಲ, ಚೂರಿ ಹಿಡಿದು ಗುಡ್ಡಕ್ಕೆ ಕಾಡುಸೊಪ್ಪು ಕೀಳಲು ಹೋಗಿದ್ದ. ಇಳಿದು ಬರುವಾಗ ದಕ್ಷಿಣ ಇಟಲಿಯ ಆ ಪುಟ್ಟ ಊರು ಪಿಯೆತ್ರಮಾರಾದ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ಊರು ಅಲ್ಲೇ ಇದೆ ಎಂದು ಗಂಟೆಗೋಪುರದ ಸದ್ದಿನಿಂದಲೇ ನಂಬಬೇಕಿತ್ತು. ಹೊಟ್ಟೆ ಹಸಿದು ಒಣಗಿದ ಸೋರೆಬುರುಡೆಯಾಗಿತ್ತು. ನೇರ ಅಸ್ಸೂಂತಾಳ ಬ್ರೆಡ್ಡಿನ ಅಂಗಡಿಗೆ ನಡೆದ.

ಅಂಗಡಿಯ ಪಕ್ಕದ ಗೋಡೆಯ ಮೇಲೆಯೇ ಊರಿನ ಸಾವಿನ ಸುದ್ದಿಗಳನ್ನು ಅಂಟಿಸುವುದು. ಎಪ್ಪತ್ತು ದಾಟಿದವರು ಪೇಪರು ಬಿಟ್ಟು ಆ ಗೋಡೆಯನ್ನೇ ಓದುತ್ತಾರೆ. ಎಜೀದಿಯೊ ಕೂಡ ಓದಿದ. ಕಪ್ಪು ಅಂಚಿನ ಹೊಸ ಹಾಳೆ, ಅಂಟು ಇನ್ನೂ ಒಸರುತ್ತಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ವಯಸ್ಸು: ಎಪ್ಪತ್ತೊಂದು. 'ಪಾಪ, ನನ್ನ ಓರಗೆಯವನೇ' ಎಂದುಕೊಂಡು ಟೋಪಿ ತೆಗೆದ. ಆಮೇಲೆ ಹೆಸರು ಓದಿದ.

'ಎಜೀದಿಯೊ ಲರೋಕ್ಕ. ತನ್ನವರನ್ನೆಲ್ಲ ಅಗಲಿದ್ದಾನೆ. ಬಂಧುಗಳು ರಾಕೆಲೆಯ ಮನೆಯಲ್ಲಿ ಸೇರತಕ್ಕದ್ದು.'

ತೆಗೆದ ಟೋಪಿಯನ್ನು ತಿರುಗಿ ಹಾಕಿಕೊಳ್ಳಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಸ್ಸೂಂತಾ ಬಾಗಿಲಿಗೆ ಬಂದಳು. ಮಂಜಿನೊಳಗಿಂದ ಮೂಡಿ ಬರುತ್ತಿದ್ದ ಮುಖ ನೋಡಿ ಕೈಯಲ್ಲಿದ್ದ ತಟ್ಟೆ ಬಿಟ್ಟಳು.

"ಎಜೀದಿಯೊ... ನಿನಗೆ ಏನು ಬೇಕೋ ಹೇಳಪ್ಪ. ಪ್ರಾರ್ಥನೆ ಮಾಡಿಸ್ತೀನಿ, ಮೇಣದಬತ್ತಿ ಹಚ್ತೀನಿ..."

"ಅರ್ಧ ಕಿಲೋ ಬ್ರೆಡ್ಡು ಕೊಡು ಸಾಕು."

"ಸತ್ತವರು ಬ್ರೆಡ್ಡು ಕೇಳಿದ್ರೆ ಕೊಡಬಾರದು ಅಂತ ನಮ್ಮಮ್ಮ ಹೇಳಿದಾಳೆ!" ಎಂದವಳೇ ಅಂಗಡಿಯ ಶಟರನ್ನು ದಢಾರನೆ ಎಳೆದುಬಿಟ್ಟಳು. ಒಳಗಿನಿಂದ ಜಪಮಾಲೆ ಎಣಿಸುವ ಸದ್ದು ಕೇಳಿಸತೊಡಗಿತು.

ಎಜೀದಿಯೊ ಅಲ್ಲಿಂದ ನುಂಜಿಯೊನ ಅಂಗಡಿಗೆ ಹೋದ. ನುಂಜಿಯೊ ಶವಪೆಟ್ಟಿಗೆಯನ್ನೂ ಮಾರುತ್ತಿದ್ದ, ಸಾವಿನ ಹಾಳೆಯನ್ನೂ ಅಚ್ಚು ಹಾಕುತ್ತಿದ್ದ. ಸೀಸೆಯ ತಳದಂಥ ಕನ್ನಡಕ ಹಾಕಿಕೊಂಡು ಯಾವುದೋ ಮಸಿ ಒರೆಸುತ್ತಿದ್ದವನು ತಲೆಯೆತ್ತಿ ನೋಡಿ, ಏನೂ ಆಗದವನಂತೆ, "ಮತ್ತೇನು ತಿದ್ದಬೇಕು? ನಿನ್ನೆ ಎರಡೆರಡು ಸಲ ಓದಿಸಿಕೊಂಡೆಯಲ್ಲ" ಎಂದ.

"ಯಾರು? ನಾನಾ?"

"ಮತ್ತೆ ನಾನಾ? ಆರೂವರೆಗೆ, ಬಾಗಿಲು ಹಾಕ್ತಾ ಇದ್ದೆ. ನೀನು ಬಂದು ನಿಂತೆ. ಹೆಸರು ಹೇಳಿದೆ, ವಯಸ್ಸು ಹೇಳಿದೆ, ಬೆಳಿಗ್ಗೆ ಆರಕ್ಕೇ ಅಂಟಿಸು ಅಂದೆ."

"ಅಲ್ಲಯ್ಯ, ಸತ್ತವನೇ ಬಂದು ಬರೆಸಿದರೆ ನಿನಗೆ ಅನುಮಾನ ಬರಲಿಲ್ವಾ?"

"ಯಾಕೆ ಬರಬೇಕು? ಒಂಟಿ ಮನುಷ್ಯ. ಡಾಕ್ಟರು ಏನೋ ಹೇಳಿರಬೇಕು, ರಾತ್ರಿ ದಾಟಲ್ಲ ಅಂತ ಖಾತ್ರಿ ಆಗಿರಬೇಕು ಅಂದ್ಕೊಂಡೆ. ಯಾರಿಗೂ ತೊಂದರೆ ಕೊಡದೆ ಎಲ್ಲಾ ಮುಗಿಸಿ ಹೋಗ್ತಿದಾನೆ, ದೊಡ್ಡ ಮನುಷ್ಯ ಅಂತ ಮೆಚ್ಚಿಕೊಂಡೆ ಕಣಯ್ಯ." ನುಂಜಿಯೊ ಕನ್ನಡಕದೊಳಗಿಂದ ಇನ್ನಷ್ಟು ಬಗ್ಗಿ ನೋಡಿದ. "ಕೈ ಕೂಡ ಕುಲುಕಿದೆ. ಕಲ್ಲಿನ ಹಾಗೆ ತಣ್ಣಗಿತ್ತು ನಿನ್ನ ಕೈ. ಆಗಲೇ ಅಂದ್ಕೊಂಡೆ, ಇವನು ನಾಳೆ ಬೆಳಗು ಕಾಣಲ್ಲ ಅಂತ."

ಎಜೀದಿಯೊ ಹೊರಗೆ ಬಂದು ನಿಂತ. ನಿನ್ನೆ ಆರೂವರೆಗೆ ತಾನು ಎಲ್ಲಿದ್ದೆ? ಒಲೆಯ ಮುಂದಿನ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಬಂದಿತ್ತು. ಎಚ್ಚರವಾದಾಗ ಬೆಂಕಿ ಆರಿತ್ತು. ನಡುವೆ ಎದ್ದು ಹೋಗಿದ್ದೆನೆ? ಯಾರನ್ನು ಕೇಳುವುದು? ಮದುವೆಯಾಗಿದ್ದರೆ ಹೆಂಡತಿಯನ್ನು ಕೇಳಬಹುದಿತ್ತು. ಕೆನ್ನೆ ಚಿವುಟಿಕೊಂಡ. ನೋವಾಯಿತು. ಆದರೆ ಸತ್ತವರಿಗೆ ನೋವಾಗುವುದಿಲ್ಲ ಎಂದು ಹೇಳಿದವರು ಯಾರು? ಸತ್ತವರಂತೂ ಅಲ್ಲ.

ಅಕ್ಕ ರಾಕೆಲೆಯ ಮನೆ ಊರಿನ ಆ ತುದಿಯಲ್ಲಿ. ತಾತ ಕಟ್ಟಿಸಿದ ಮನೆ. ಆ ಓಣಿಯುದ್ದಕ್ಕೂ ಅವನು ಹೋದಂತೆಲ್ಲ ಒಂದು ಸಂಗತಿ ನಡೆಯುತ್ತಿತ್ತು. ಪ್ರತಿ ಮನೆಯ ಕಿಟಕಿಯ ಗಾಜೂ ಆವಿಯಿಂದ ಬೆವರಿತ್ತು. ಮಂಜಿನೊಳಗೆ ಒಂದೊಂದು ಹೆಜ್ಜೆಗೆ ಒಂದೊಂದು ವಾಸನೆ. ಇಲ್ಲಿ ಬೆಳ್ಳುಳ್ಳಿ ಎಣ್ಣೆಗೆ ಬಿದ್ದದ್ದು, ಅಲ್ಲಿ ಮಣ್ಣಿನ ಮಡಕೆಯಲ್ಲಿ ಕುರಿಮಾಂಸ ಬೇಯುವುದು, ತಿರುವಿನಲ್ಲಿ ಕೆಂಪು ಒಣಮೆಣಸಿನಕಾಯಿ ಗರಿಗರಿ ಹುರಿಯುವುದು. ಜನರ ಸದ್ದಿಲ್ಲ. ಬರೀ ಸೌಟಿನ ಸದ್ದು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅದಕ್ಕೆ ನೆರೆಹೊರೆಯವರು ಸಾಂತ್ವನದೂಟ ಮಾಡಿ ಹೊತ್ತು ತರಬೇಕು. ಇಡೀ ಊರು ತನಗೋಸ್ಕರ ಅಡುಗೆ ಮಾಡುತ್ತಿದೆ ಎಂದು ಹೊಳೆದು ಎಜೀದಿಯೊನ ಕಣ್ಣು ತುಂಬಿತು. ಬದುಕಿದ್ದಾಗ ಒಂದು ಮೊಟ್ಟೆ ಬೇಯಿಸಿ ಕೊಟ್ಟವರಿರಲಿಲ್ಲ.

ರಾಕೆಲೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಗೋಡೆಗುಂಟ ಹತ್ತು ಹನ್ನೆರಡು ಹೆಂಗಸರು ಕಪ್ಪು ಬಟ್ಟೆಯಲ್ಲಿ ಕಾಗೆಗಳ ಹಾಗೆ ಸಾಲಾಗಿ ಕೂತಿದ್ದರು. ಎಜೀದಿಯೊ ಹೊಸ್ತಿಲ ಮೇಲೆ ನಿಂತು ಕೆಮ್ಮಿದ.

ಚೀರಾಟ ಎದ್ದಿತು. ಒಬ್ಬಳು ಮೇಜಿನ ಕೆಳಗೆ ಹೋದಳು. ರಾಕೆಲೆ ಮಾತ್ರ ಎದ್ದು ಬಂದು, ತಮ್ಮನ ಮುಖವನ್ನೇ ದಿಟ್ಟಿಸಿ, ಕಪಾಳಕ್ಕೆ ಒಂದು ಬಿಟ್ಟಳು.

"ಬಿಸಿ ಇದೆ!" ಎಂದು ಹೆಂಗಸರ ಕಡೆ ತಿರುಗಿ ಕೂಗಿದಳು. "ಬದುಕಿದಾನೆ!" ಆಮೇಲೆ ಇನ್ನೆರಡು ಬಿಟ್ಟಳು. "ಬೆಳಿಗ್ಗೆಯಿಂದ ಅತ್ತು ಅತ್ತು ಸಾಯ್ತಿದೀನಿ! ನಿನ್ನ ಮನೆಗೆ ಬಂದ್ರೆ ಬೀಗ. ಆಸ್ಪತ್ರೆಗೆ ಒಯ್ದರೇನೋ ಅಂತ ಪೊತೆನ್ಸಾ ಪಟ್ಟಣದವರೆಗೂ ಫೋನು ಮಾಡಿಸಿದೆ. ಎಲ್ಲೋ ಹೋಗಿದ್ದೆ, ದರಿದ್ರದವನೇ?"

"ಸೊಪ್ಪು ಕೀಳೋಕೆ ಅಕ್ಕ."

ಅವಳು ಅವನನ್ನು ತಬ್ಬಿಕೊಂಡು ಅತ್ತಳು. ಬೇರೆಯವರು ಅಷ್ಟೇನೂ ಸಂತೋಷಪಟ್ಟಂತೆ ಕಾಣಲಿಲ್ಲ. ಅವರೆಲ್ಲ ಮೇಜಿನ ಕಡೆ ನೋಡುತ್ತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಏಳು ಪಾತ್ರೆ.

ಪಕ್ಕದ ಮನೆಯ ಮರಿಯಂತೋನಿಯಾ ಸೊಂಟದ ಮೇಲೆ ಕೈಯಿಟ್ಟಳು. ಆ ಓಣಿಯಲ್ಲಿ ಅವಳ ಮಾತಿಗೆ ಪಾದ್ರಿಯೂ ಎದುರಾಡುತ್ತಿರಲಿಲ್ಲ. "ಬದುಕಿದ್ದು ಒಳ್ಳೇದಾಯ್ತು ಬಿಡು. ಆದ್ರೆ ನಾನು ಎರಡು ಕೋಳಿ ಕೊಂದು ಸಾರು ಮಾಡಿದೀನಿ. ಆ ಕೋಳಿಗಳನ್ನ ಯಾರು ಬದುಕಿಸ್ತಾರೆ?"

"ನಾನು ನಾಲ್ಕು ಗಂಟೆಯಿಂದ ಕಡಲೆ ಬೇಯಿಸಿ ಲಾಗಾನೆ ಪಾಸ್ತಾ ಲಟ್ಟಿಸಿದೀನಿ" ಎಂದಳು ಇನ್ನೊಬ್ಬಳು. "ನಾಲ್ಕಕ್ಕೆ ಇನ್ನೂ ಹಾಳೆ ಅಂಟಿಸಿರಲಿಲ್ಲವಲ್ಲೇ" ಎಂದು ಮತ್ತೊಬ್ಬಳು ಕೇಳಿದ್ದಕ್ಕೆ ಅವಳು ಪಾತ್ರೆಯ ಮುಚ್ಚಳ ಸರಿಪಡಿಸತೊಡಗಿದಳು.

ಎಜೀದಿಯೊ ಮೆಲ್ಲಗೆ ಮೇಜಿನ ಕಡೆ ಸರಿದ. "ಅದಕ್ಕೇನಂತೆ, ಎಲ್ಲರೂ ಕೂತು ಊಟ ಮಾಡಿದರಾಯ್ತು" ಎಂದು ಉಪ್ಪುಮೀನಿನ ಪಾತ್ರೆಗೆ ಕೈ ಚಾಚಿದ. ಮರಿಯಂತೋನಿಯಾಳ ಸೌಟು ಅವನ ಬೆರಳ ಗಂಟಿನ ಮೇಲೆ ಬಿತ್ತು.

"ಮುಟ್ಟಬೇಡ! ಸತ್ತವರಿಲ್ಲದ ಸಾಂತ್ವನದೂಟ ತಿಂದ್ರೆ ಸಾವನ್ನ ಸಾಲ ತಂದ ಹಾಗೆ. ವರ್ಷದೊಳಗೆ ತಿಂದವರ ಮನೇಲಿ ಹೆಣ ಬೀಳುತ್ತೆ. ವಾಪಸ್ಸು ಒಯ್ಯೋ ಹಾಗೂ ಇಲ್ಲ. ಹೊಸ್ತಿಲು ದಾಟಿ ಬಂದ ಪಾತ್ರೆ ತುಂಬಿಕೊಂಡು ತಿರುಗಿ ದಾಟಬಾರದು."

ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡರು. ಏಳು ಪಾತ್ರೆಗಳೂ ಹೊಗೆಯಾಡುತ್ತಿದ್ದವು.

"ಒಂದು ಸಂಶಯ" ಎಂದಳು ಮೇಜಿನ ಕೆಳಗಿಂದ ಹೊರಬಂದವಳು. "ಇವರ ತಾತನ ಹೆಸರನ್ನೇ ಇಟ್ಕೊಂಡ ಇನ್ನೊಬ್ಬ ಇದಾನಲ್ಲ, ಇವರ ಚಿಕ್ಕಪ್ಪನ ಮಗ. ಅಮೆರಿಕದ ಎಜೀದಿಯೊ."

ಆ ಎಜೀದಿಯೊ ಇದ್ದದ್ದು ಕೆನಡಾದ ವಿನ್ನಿಪೆಗ್‌ನಲ್ಲಿ. ಆದರೆ ಪಿಯೆತ್ರಮಾರಾದವರಿಗೆ ಸಮುದ್ರದಾಚೆಯದೆಲ್ಲ ಅಮೆರಿಕವೇ. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿದವನು. ಅಲ್ಲಿ ಹೋಟೆಲು ಇಟ್ಟಿದ್ದಾನೆ, ಪಾಸ್ತಾದ ಮೇಲೆ ಕೆನೆ ಸುರಿಯುತ್ತಾನೆ ಎಂಬ ಸುದ್ದಿ ಒಮ್ಮೆ ಬಂದಿತ್ತು. ಅದಾದ ಮೇಲೆ ಊರಿನಲ್ಲಿ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ.

ರಾಕೆಲೆ ತಲೆಯಾಡಿಸಿದಳು. "ಅವನು ಸತ್ತರೆ ಅಲ್ಲಿಯ ಭಾಷೇಲಿ ಅಲ್ಲೇ ಸಾಯ್ತಾನೆ. ಇಲ್ಲಿಯ ಗೋಡೆ ಮೇಲೆ ಯಾಕೆ ಬರ್ತಾನೆ? ಅದೂ ಅಲ್ದೆ ನುಂಜಿಯೊ ಹೇಳಿದನಂತಲ್ಲ, ಇವನೇ ಹೋಗಿ ಬರೆಸಿದ್ದು ಅಂತ."

ಹನ್ನೆರಡು ಜೊತೆ ಕಣ್ಣು ಎಜೀದಿಯೊನ ಮೇಲೆ ನೆಟ್ಟವು.

"ನಾನಲ್ಲ!" ಎಂದ. ಹೇಳುವಾಗ ದನಿ ಯಾಕೋ ನಡುಗಿತು.

ಈ ಊಟವನ್ನು ಏನು ಮಾಡಬೇಕೆಂದು ಪಾದ್ರಿ ದೊನ್ ಸವೇರಿಯೊ ಅವರನ್ನೇ ಕೇಳುವುದೆಂದು ತೀರ್ಮಾನವಾಯಿತು. ಹೆಂಗಸರೆಲ್ಲ ಶಾಲು ಹೊದ್ದು ಹೊರಟರು. ರಾಕೆಲೆ ಬಾಗಿಲಲ್ಲಿ ತಿರುಗಿ ನಿಂತಳು. "ಬೆಕ್ಕು ಬರದ ಹಾಗೆ ನೋಡ್ಕೋ. ಬೆರಳು ಅದ್ದಿದರೂ ನನಗೆ ಗೊತ್ತಾಗುತ್ತೆ."

ಎಜೀದಿಯೊ ಒಬ್ಬನೇ ಉಳಿದ. ಮಧ್ಯಾಹ್ನದ ಹೊತ್ತು, ಆದರೂ ಕಿಟಕಿಯಲ್ಲಿ ಮಂಜು ಹಾಲಿನಂತೆ ನಿಂತು ಕೋಣೆ ಮಬ್ಬಾಗಿತ್ತು. ಕುರಿಮಾಂಸದ ಮಡಕೆಯ ಮುಚ್ಚಳ ತಾನಾಗಿಯೇ ಒಮ್ಮೆ ಟಿಕ್ ಎಂದಿತು. ಅವನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂತ.

"ವಾಸನೆ ಗುಡ್ಡದ ಆಚೆಯವರೆಗೂ ಬರ್ತಾ ಇದೆ ಕಣೋ."

ಬಾಗಿಲ ಸದ್ದು ಕೇಳಿಸಿರಲಿಲ್ಲ. ಹೊಸ್ತಿಲ ಒಳಗೆ ಉದ್ದ ಕೋಟಿನ ಮುದುಕನೊಬ್ಬ ನಿಂತಿದ್ದ. ಅದೇ ಮೂಗು, ಅದೇ ಗಿಡ್ಡ ಕತ್ತು, ಬೋಳುತಲೆಯ ಮೇಲೆ ಅದೇ ಗುಳಿ. ಎಜೀದಿಯೊ ಬಟ್ಟೆ ಮುಚ್ಚಿದ್ದ ಕನ್ನಡಿಯ ಕಡೆ ಒಮ್ಮೆ ನೋಡಿದ, ಬಂದವನ ಕಡೆ ಒಮ್ಮೆ ನೋಡಿದ.

"ಗುರುತು ಸಿಗಲಿಲ್ವೇನೋ? ನಾನೇ. ನಿನ್ನ ಹೆಸರಿನ ಇನ್ನೊಬ್ಬ."

"ಎಜೀದಿಯೊ! ಅಮೆರಿಕದಿಂದ ಯಾವಾಗ ಬಂದೆ?"

"ನಿನ್ನೆ ಸಂಜೆ." ಅಮೆರಿಕದ ಎಜೀದಿಯೊ ಮೇಜಿಗೆ ಕುರ್ಚಿ ಎಳೆದುಕೊಂಡು, ಕರವಸ್ತ್ರ ಕೊರಳಿಗೆ ಸಿಕ್ಕಿಸಿದ. ಕೋಟಿನ ಭುಜದ ಮೇಲೆ ಹಿಮ ಬಿದ್ದಿತ್ತು. ಮೇಲಿನ ಘಟ್ಟದಲ್ಲಿ ಆಗಲೇ ಹಿಮ ಬೀಳುತ್ತಿರಬೇಕು ಎಂದುಕೊಂಡ ಎಜೀದಿಯೊ. "ಹಾಳೆ ಬರೆಸಿದ್ದು ನಾನೇ. ಸುಳ್ಳೇನಲ್ಲವಲ್ಲ, ನನ್ನ ಹೆಸರೂ ಅದೇ."

"ನೀನಾ! ಯಾಕೋ ಮಾರಾಯ? ನನ್ನ ಜೀವ ಹೋಗೋದು ಬಾಕಿ ಇತ್ತು!"

"ಊಟಕ್ಕೆ." ಅವನು ಕೋಳಿ ಸಾರಿನ ಪಾತ್ರೆಯನ್ನೇ ಮುಂದಕ್ಕೆ ಎಳೆದುಕೊಂಡ. "ಐವತ್ತೆರಡು ವರ್ಷ ವಿನ್ನಿಪೆಗ್‌ಗೆ ಇಟಲಿ ಊಟ ಬಡಿಸಿದೆ. ಏನು ಬಡಿಸಿದೆ ಗೊತ್ತಾ? ಸ್ಪಗೆಟ್ಟಿ ಮೇಲೆ ಮುಷ್ಟಿಯಷ್ಟು ದಪ್ಪ ಮಾಂಸದುಂಡೆ. ಕೋಳಿ ಹಾಕಿ, ಮೇಲೆ ಕೆನೆ ಸುರಿದು, 'ನಮ್ಮಜ್ಜಿ ಕಲಿಸಿದ್ದು' ಅಂತ ಬರೆಸಿ ಅಜ್ಜಿಯ ಫೋಟೋ ತೂಗುಹಾಕಿದ್ದೆ."

"ಅಜ್ಜಿ ಜನ್ಮದಲ್ಲಿ ಕೆನೆ ನೋಡಿರಲಿಲ್ಲ!"

"ಪಿಜ್ಜಾನೂ ನೋಡಿರಲಿಲ್ಲ. ನಾನೇ ನೋಡಿದ್ದು ಹಡಗು ಇಳಿದಮೇಲೆ, ಒಬ್ಬ ಗ್ರೀಕನ ಅಂಗಡೀಲಿ. 'ನಿಮ್ಮೂರಿನದು, ತಿನ್ನು' ಅಂದ. ಹೌದು ಹೌದು ಅಂತ ತಿಂದೆ." ಅವನು ನಗುತ್ತ ಸಾರು ಸುರಿದುಕೊಂಡ. ಆವಿ ಅವನ ಮುಖದವರೆಗೆ ಬಂದು ನಿಂತುಬಿಡುತ್ತಿತ್ತು. "ನಮ್ಮಲ್ಲಿ ಆಗ ಏನಿತ್ತೋ? ಭಾನುವಾರ ಒಂದು ಹಿಡಿ ಪಾಸ್ತಾ. ಉಳಿದ ದಿನ ಸೊಪ್ಪು, ಒಣ ಬ್ರೆಡ್ಡು. ಮಾಂಸ ಅಂದ್ರೆ ಹಬ್ಬಕ್ಕೆ, ಇಲ್ಲ ಸಾವಿಗೆ. ಹಸಿದುಕೊಂಡು ಏನೇನು ಕನಸು ಕಂಡಿದ್ವೋ ಅದನ್ನೆಲ್ಲ ಅಲ್ಲಿ ದಿನಾ ಬೇಯಿಸಿ ಮಾರಿದ್ವಿ. ಜನ ಹಿಮದ ಬೂಟು ಹಾಕ್ಕೊಂಡು ಸಾಲು ನಿಲ್ತಿದ್ರು. ಜಪಾನಿನವನೊಬ್ಬ ನನ್ನ ಹತ್ರ ಕಲಿತು ಓಸಾಕಾದಲ್ಲಿ ಅಂಗಡಿ ಇಟ್ಟ. ಅಲ್ಲೂ ನಮ್ಮಜ್ಜಿ ಫೋಟೋ ಇದೆ."

"ಭಗವಂತಾ!"

"ಆದ್ರೆ ಈ ಊಟ ಮಾತ್ರ ಎಲ್ಲೂ ಸಿಗಲಿಲ್ಲ. ಯಾರೂ ಮಾರಲ್ಲ ಇದನ್ನ. ಇದಾಗಬೇಕಾದ್ರೆ ಯಾರಾದ್ರೂ ಸಾಯಲೇಬೇಕು. ತಾತ ಸತ್ತಾಗ ನಾವಿಬ್ಬರೂ ಇದೇ ಮೇಜಿನ ಕೆಳಗೆ ಕೂತು ತಿಂದಿದ್ವಲ್ಲ. ಹೊರಗೆ ಎಲ್ಲಾ ಅಳ್ತಿದ್ರು, ನಾವು ಒಳಗೆ ನಗ್ತಿದ್ವಿ. ಅಷ್ಟು ಹೊಟ್ಟೆ ತುಂಬಿದ್ದು ನನಗೆ ಮತ್ತೆ ಯಾವತ್ತೂ ಇಲ್ಲ ಕಣೋ."

ಎಜೀದಿಯೊನಿಗೆ ಅದು ನೆನಪಿತ್ತು. ಅಷ್ಟರಲ್ಲಿ ಭಯವೂ ಆಯಿತು. "ತಿನ್ನಬೇಡ್ವೋ! ಸತ್ತವರಿಲ್ಲದೆ ಇದನ್ನ ತಿಂದ್ರೆ ವರ್ಷದೊಳಗೆ..."

"ಆ ಚಿಂತೆ ನಿನಗೆ ಬೇಡ" ಎಂದು ಅವನು ಕಡಲೆಯ ಲಾಗಾನೆಗೆ ಕೈ ಹಾಕಿದ.

ಅವನು ತಿನ್ನುವುದು ನೋಡುತ್ತ ಎಜೀದಿಯೊ ಕೂತ. ಎಂಥ ಊಟ! ಅಗಿಯುವ ಸದ್ದಿಲ್ಲ, ಬೆವರಿಲ್ಲ, ನೀರು ಕೇಳಲಿಲ್ಲ. ಸಾರಿನ ಪಾತ್ರೆ ಒಣಗಿತ್ತು, ಎರಡು ಕೋಳಿಗಳ ಮೂಳೆ ಎಲ್ಲಿ ಹೋದವೋ. ಕುರಿಮಾಂಸ ಮುಗಿಯಿತು. ಉಪ್ಪುಮೀನು, ಬದನೆಕಾಯಿ, ಹುರಿದ ಮೆಣಸಿನಕಾಯಿ ಎಲ್ಲ ಮುಗಿಯಿತು. ಪಕ್ಕದಲ್ಲೇ ಚಳಿಗೆಂದು ಇಟ್ಟ ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು, ಭುಜದ ಮೇಲಿನ ಹಿಮ ಹಾಗೆಯೇ ಇತ್ತು.

"ನನಗೂ ಒಂದು ತುತ್ತು..." ಎಂದ ಎಜೀದಿಯೊ, ತಡೆಯಲಾರದೆ.

ಅಮೆರಿಕದ ಎಜೀದಿಯೊ ಕೊನೆಯ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ. ದ್ರಾಕ್ಷಿಪಾಕದಲ್ಲಿ ಬೇಯಿಸಿದ ಗೋಧಿಯ ಬಟ್ಟಲು ಅದು. "ಬೇಡ ಕಣೋ. ಇದು ನಿನಗಲ್ಲ" ಎಂದ, ಬಹಳ ಅಕ್ಕರೆಯಿಂದ. ಆ ದನಿ ಕೇಳಿ ಎಜೀದಿಯೊ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

ಆದರೂ ಎದೆಯ ಭಾರ ಇಳಿದಿತ್ತು. ತಾನು ಸತ್ತಿಲ್ಲ, ತನಗೆ ಹುಚ್ಚೂ ಹಿಡಿದಿಲ್ಲ. ಸಾಕ್ಷಿ ಇಲ್ಲೇ ಕೂತು ಗೋಧಿ ತಿನ್ನುತ್ತಿದೆ! "ಇಲ್ಲೇ ಇರು, ಎಲ್ಲರನ್ನೂ ಕರ್ಕೊಂಡು ಬರ್ತೀನಿ" ಎಂದು ಇಗರ್ಜಿಯ ಕಡೆ ಓಡಿದ.

ಹೆಂಗಸರು, ಪಾದ್ರಿ, ವಿಷಯ ತಿಳಿಯಲು ಬಂದಿದ್ದ ನುಂಜಿಯೊ, ಎಲ್ಲ ಇಗರ್ಜಿಯ ಬಾಗಿಲಲ್ಲೇ ಇದ್ದರು. ಎಜೀದಿಯೊ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ಗುಂಪು ಮಂಜಿನೊಳಗೆ ಧಡಧಡ ನಡೆದು ರಾಕೆಲೆಯ ಮನೆಗೆ ಬಂತು.

ಮನೆಯಲ್ಲಿ ಯಾರೂ ಇರಲಿಲ್ಲ. ಏಳು ಪಾತ್ರೆಗಳೂ ನೆಕ್ಕಿಟ್ಟಂತೆ ಖಾಲಿ. ಮಹಡಿ ನೋಡಿದರು, ಹಿತ್ತಿಲು ನೋಡಿದರು. ಯಾರೋ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ರಾಕೆಲೆ ಎತ್ತಿದಳು. ಆ ಕಡೆಯ ಹೆಂಗಸಿನ ದನಿ ಮುರುಕು ಭಾಷೆಯಲ್ಲಿ ತಡವರಿಸುತ್ತಿತ್ತು. ರಾಕೆಲೆ ಕೇಳುತ್ತ ಕೇಳುತ್ತ ಕುರ್ಚಿಗೆ ಕುಸಿದಳು. ಫೋನು ಇಟ್ಟು ಎಲ್ಲರ ಕಡೆ ತಿರುಗಿದಳು.

"ಅಮೆರಿಕದ ಎಜೀದಿಯೊನ ಮಗಳು. ಅವನು ತೀರಿಕೊಂಡನಂತೆ. ನಿನ್ನೆ ಬೆಳಿಗ್ಗೆ ಅಲ್ಲಿಯ ಹನ್ನೊಂದು ಗಂಟೆಗೆ, ಹೋಟೆಲಿನ ಅಡುಗೆಮನೇಲೇ. ನಮ್ಮ ನಂಬರು ಹುಡುಕೋಕೆ ಇಷ್ಟು ಹೊತ್ತಾಯ್ತಂತೆ. 'ನನ್ನ ಹೆಸರು ನಮ್ಮೂರ ಗೋಡೆ ಮೇಲೆ ಬರಬೇಕು' ಅಂತ ಯಾವಾಗ್ಲೂ ಹೇಳ್ತಿದ್ದನಂತೆ. ಅದಕ್ಕೆ ಏನು ಮಾಡಬೇಕು ಅಂತ ಕೇಳಿದಳು."

ಎಜೀದಿಯೊ ಬೆರಳು ಮಡಚಿದ. ಅಲ್ಲಿಗೂ ಇಲ್ಲಿಗೂ ಏಳು ಗಂಟೆ ವ್ಯತ್ಯಾಸ. ಅಲ್ಲಿ ಬೆಳಿಗ್ಗೆ ಹನ್ನೊಂದು ಅಂದರೆ ಇಲ್ಲಿ ಸಂಜೆ ಆರು. ನುಂಜಿಯೊ ಅಂಗಡಿ ಮುಚ್ಚುತ್ತಿದ್ದದ್ದು ಆರೂವರೆಗೆ.

"ನಾನು ಹೇಳಲಿಲ್ವಾ!" ಎಂದು ಕೂಗಿದ. "ಬಂದಿದ್ದ! ಅವನೇ ಬಂದಿದ್ದ! ಈ ಕುರ್ಚೀಲೇ ಕೂತಿದ್ದ!"

ಹೆಂಗಸರು ಒಬ್ಬರಿಗೊಬ್ಬರು ಹತ್ತಿರ ಸರಿದರು. ಮರಿಯಂತೋನಿಯಾ ಮಾತ್ರ ತನ್ನ ಪಾತ್ರೆ ಎತ್ತಿ, ಬೆಳಕಿಗೆ ಹಿಡಿದು, ಒಳಗೆಲ್ಲ ನೋಡಿದಳು.

"ಸತ್ತವರು ಬರ್ತಾರೆ ಕಣೋ ಎಜೀದಿಯೊ, ನಾನು ಇಲ್ಲ ಅನ್ನಲ್ಲ. ಬಂದು ಕಿಟಕಿ ಬಡೀತಾರೆ. ಕನಸಿಗೆ ಬರ್ತಾರೆ. ನಮ್ಮ ಯಜಮಾನರು ಈಗಲೂ ಮೆಟ್ಟಿಲ ಮೇಲೆ ಕೆಮ್ತಾರೆ. ಆದ್ರೆ ಯಾವ ಸತ್ತವನೂ ಎರಡು ಕೋಳೀನ ಮೂಳೆ ಸಮೇತ ತಿನ್ನಲ್ಲ."

"ಅಲ್ಲ, ಅವನು..."

"ನುಂಜಿಯೊ, ಹಾಳೆ ಬರೆಸಿದ್ದು ಯಾರು?"

"ಇವನೇ" ಎಂದ ನುಂಜಿಯೊ, ಕನ್ನಡಕ ಒರೆಸುತ್ತ. "ಯೇಸುವಿನಾಣೆಗೂ ಇವನೇ."

"ನೋಡಿದ್ರಾ! ಊಟದ ಆಸೆಗೆ ಇವನೇ ಹಾಳೆ ಬರೆಸಿದ. ಇವನೇ ಸತ್ತ. ನಮ್ಮನ್ನ ಇಗರ್ಜಿಗೆ ಸಾಗಹಾಕಿ ಏಳು ಪಾತ್ರೆ ಬಳಿದ. ಅಷ್ಟರಲ್ಲಿ ಪಾಪ, ಆ ಮನುಷ್ಯ ಅಲ್ಲಿ ನಿಜವಾಗ್ಲೂ ಹೋಗಿಬಿಟ್ಟ!"

"ಎಜೀದಿಯೊ" ಎಂದರು ದೊನ್ ಸವೇರಿಯೊ, ನಿಧಾನವಾಗಿ, "ಹೊಟ್ಟೆಬಾಕತನ ಪಾಪ. ಅದನ್ನ ಸತ್ತವರ ತಲೆಗೆ ಕಟ್ಟೋದು ಅದಕ್ಕಿಂತ ದೊಡ್ಡ ಪಾಪ."

ಎಜೀದಿಯೊ ಅಕ್ಕನ ಕಡೆ ನೋಡಿದ. ರಾಕೆಲೆ ಮುಖ ತಿರುಗಿಸಿಕೊಂಡಳು.

ಈಗ ಸತ್ತವನು ನಿಜವಾಗಿ ಇದ್ದದ್ದರಿಂದ ಸಾಂತ್ವನದೂಟ ನಿಜವಾಗಿಯೇ ಆಗಬೇಕಿತ್ತು. ಗೊಣಗುತ್ತ ಗೊಣಗುತ್ತಲೇ ಹೆಂಗಸರು ಮನೆಗೆ ಹೋಗಿ ಮತ್ತೆ ಒಲೆ ಹಚ್ಚಿದರು. ಮರಿಯಂತೋನಿಯಾಳ ಮೂರನೇ ಕೋಳಿಯೂ ಹೋಯಿತು. ನುಂಜಿಯೊ ಗೋಡೆಯ ಮೇಲಿನ ಹಾಳೆಯನ್ನು ಓದಿನೋಡಿ, ಒಂದಕ್ಷರವೂ ಬದಲಾಯಿಸಬೇಕಾಗಿಲ್ಲವೆಂದು ಹೇಳಿದ.

ಸಂಜೆ ಐದಕ್ಕೆ ಮೇಜು ತುಂಬಿತು. ಸತ್ತವನ ವಂಶದಲ್ಲಿ ಉಳಿದ ಒಬ್ಬನೇ ಗಂಡಸೆಂದು ಎಜೀದಿಯೊನನ್ನು ಮೇಜಿನ ತಲೆಗೇ ಕೂರಿಸಿದರು. ಕೋಳಿ ಸಾರು ಅವನ ಎಡಗಡೆಯಿಂದ ದಾಟಿ ಬಲಗಡೆಗೆ ಹೋಯಿತು. ಕುರಿಮಾಂಸದ ಮಡಕೆ ಬಲಗಡೆಯಿಂದ ದಾಟಿ ಎಡಗಡೆಗೆ ಹೋಯಿತು. ಅವನ ಮುಂದೆ ರಾಕೆಲೆ ಒಂದು ಲೋಟ ಇಟ್ಟಳು. ಬಿಸಿನೀರು, ಅದರಲ್ಲಿ ಎರಡು ಪಲಾವಿನ ಎಲೆ.

"ಅಷ್ಟು ತಿಂದಮೇಲೆ ಅಜೀರ್ಣ ಆಗುತ್ತೆ. ಕುಡಿ."

ಮುಂಜಾನೆಯಿಂದ ಒಂದು ಚೂರು ಬ್ರೆಡ್ಡೂ ಕಾಣದ ಎಜೀದಿಯೊನ ಹೊಟ್ಟೆ, ಎಲ್ಲರೂ ಮೌನವಾಗಿ ಪ್ರಾರ್ಥನೆಗೆ ತಲೆ ಬಾಗಿಸಿದ ಹೊತ್ತಿಗೆ ಸರಿಯಾಗಿ, ಗುಡುಗಿನಂತೆ ಗುಡುಗುಡಿಸಿತು.

"ನೋಡಿ, ನೋಡಿ" ಎಂದಳು ಮರಿಯಂತೋನಿಯಾ, ಬಾಯಿ ತುಂಬ ಮಾಂಸವಿಟ್ಟುಕೊಂಡು. "ಇನ್ನೂ ಅರಗಿಲ್ಲ."